ಸಾಲಿನ ಕೊನೆಯ ಸೈಕಲ್

ನೀವೀಗ ನೋಡುತ್ತಿರುವುದು ಬೆಳಿಗ್ಗೆ ಏಳು ಗಂಟೆಗೆ ಕೆಲಸಕ್ಕೆ ಹೊರಟಿರುವ ಒಂದು ಸಣ್ಣ ಗುಂಪು. ಇವರ ಮೈಮೇಲೆ ಪಂದ್ಯದ ಉಡುಪಿಲ್ಲ. ಕ್ಯಾರಿಯರ್‌ಗೆ ಕಟ್ಟಿದ ಚೀಲಗಳಲ್ಲಿ ಕಚೇರಿಯ ಕಾಗದಗಳೂ, ಮಳೆ ಬಂದರೆ ಇರಲಿ ಎಂದು ಮಡಿಸಿಟ್ಟ ರೇನ್‌ಕೋಟುಗಳೂ ಇವೆ. ಕ್ಯಾಮೆರಾ ಇರುವುದು ಸಾಲಿನ ಕೊನೆಯ ಸೈಕಲ್ಲಿನ ಹ್ಯಾಂಡಲ್ ಮೇಲೆ. ಅದು ನನ್ನ ಸೈಕಲ್. ಈ ಕೊನೆಯ ಜಾಗಕ್ಕೆ ನಾನು ಬಂದದ್ದು ಹೇಗೆ ಎಂಬುದನ್ನು ಇಂದು ಹೇಳಬೇಕೆಂದಿದ್ದೇನೆ.

ಎರಡು ವರ್ಷ ನಾನು ಒಬ್ಬಳೇ ಸೈಕಲ್ ತುಳಿದಿದ್ದೆ. ದಿನವೂ ಅದೇ ತಿರುವಿನಲ್ಲಿ ಎದುರಾಗುತ್ತಿದ್ದ ನಾಲ್ಕೈದು ಮುಖಗಳ ಪರಿಚಯವಿತ್ತು, ಮಾತಿರಲಿಲ್ಲ. ಒಂದು ಬೆಳಿಗ್ಗೆ ಹಿಂದಿನ ಚಕ್ರದ ಗಾಳಿ ಇಳಿದು ರಸ್ತೆಬದಿಯಲ್ಲಿ ಕುಳಿತಿದ್ದಾಗ ಆ ಪೈಕಿ ಹಿರಿಯರೊಬ್ಬರು ಸೈಕಲ್ ನಿಲ್ಲಿಸಿ ಪಕ್ಕದಲ್ಲಿ ಕುಳಿತರು. ಟ್ಯೂಬಿಗೆ ಪ್ಯಾಚ್ ಹಾಕುವುದು ನನಗೆ ತಕ್ಕಮಟ್ಟಿಗೆ ಗೊತ್ತಿತ್ತು. ಆದರೆ ಟೈರಿನ ಒಳಮೈಯನ್ನು ಬೆರಳಿನಿಂದ ಸುತ್ತಲೂ ಮೆಲ್ಲಗೆ ಸವರಿ, ಚುಚ್ಚಿದ ಮುಳ್ಳನ್ನು ಹುಡುಕಿ ತೆಗೆಯದಿದ್ದರೆ ಟ್ಯೂಬ್ ಮತ್ತೆ ತೂತಾಗುತ್ತದೆ ಎಂಬುದನ್ನೂ, ಸಲ್ಯೂಷನ್ ಅಂಟು ಹಚ್ಚಿದ ಕೂಡಲೇ ಪ್ಯಾಚ್ ಒತ್ತದೆ ಅದರ ಹಸಿ ಆರಿ ಹೊಳಪು ಮಾಯವಾಗುವವರೆಗೆ ಕಾಯಬೇಕು ಎಂಬುದನ್ನೂ ಕಲಿಸಿದವರು ಅವರು. ಹೊರಡುವಾಗ, "ಭಾನುವಾರ ಸಂಜೆ ಬಾರಮ್ಮ, ನಿನ್ನ ಚೈನ್ ಸವೆದ ಹಾಗಿದೆ, ಅಳೆದು ನೋಡೋಣ" ಎಂದರು.

ಹೀಗೆ ನಾನು ಆ ಭಾನುವಾರದ ಸಂಜೆಗಳಿಗೆ ಸೇರಿಕೊಂಡೆ. ಅಲ್ಲಿ ಸದಸ್ಯತ್ವವೆಂಬುದಿಲ್ಲ, ಒಂದಿಷ್ಟು ಸ್ಪ್ಯಾನರ್‌ಗಳು, ಒಂದು ಪಂಪು, ಒಂದು ಬಕೆಟ್ ನೀರು, ಇಷ್ಟೇ. ಅಳತೆಪಟ್ಟಿಯ ಸೊನ್ನೆಯನ್ನು ಚೈನಿನ ಒಂದು ಪಿನ್ನಿನ ಮೇಲಿಟ್ಟರೆ, ಹೊಸ ಚೈನಿನಲ್ಲಿ 12ನೇ ಇಂಚಿಗೆ ಸರಿಯಾಗಿ ಇನ್ನೊಂದು ಪಿನ್ ಸಿಗುತ್ತದೆ. ಆ ಪಿನ್ ಇಂಚಿನ ಹದಿನಾರನೇ ಒಂದು ಭಾಗದಷ್ಟು ಮುಂದೆ ಸರಿದಿದ್ದರೆ ಚೈನ್ ಬದಲಿಸಬೇಕು, ಇಲ್ಲವಾದರೆ ಅದು ಹಲ್ಲುಚಕ್ರಗಳನ್ನೂ ಸವೆಸುತ್ತದೆ. ನನ್ನದು ಅದಕ್ಕಿಂತಲೂ ಹೆಚ್ಚು ಸರಿದಿತ್ತು. ಅದನ್ನು ಬದಲಿಸಿದ ಮೇಲೆ, ಮುಂದಿನ ವಾರ ಇನ್ನೊಬ್ಬರ ಚೈನ್ ಅಳೆಯುವ ಕೆಲಸ ನನಗೇ ಬಂತು. ನನ್ನನ್ನು ಅಲ್ಲಿ ಕಟ್ಟಿಹಾಕಿದ್ದು ಆ ಕೆಲಸವೇ.

ಈ ಗುಂಪಿನಲ್ಲಿ ವೇಗವನ್ನು ನಿರ್ಧರಿಸುವವರು ಎಲ್ಲರಿಗಿಂತ ನಿಧಾನವಾಗಿ ತುಳಿಯುವವರು. ಮುಂದೆ ಹೋಗುವವರಿಗೆ ದಾರಿ ತಿಳಿದಿದ್ದರೆ ಸಾಕು, ಆದರೆ ಕೊನೆಯಲ್ಲಿರುವವರ ಬಳಿ ಪಂಪು, ಪ್ಯಾಚು, ಬಿಡಿ ಟ್ಯೂಬುಗಳ ಜೊತೆಗೆ ಹಿಂದೆ ಯಾರನ್ನೂ ಬಿಟ್ಟು ಹೋಗದ ತಾಳ್ಮೆಯೂ ಇರಬೇಕು. ಅಲ್ಲಿಂದ ನೋಡಿದರೆ ಹೊಸಬರ ಹೆದರಿಕೆ ಬೆನ್ನಿನಲ್ಲೇ ಕಾಣುತ್ತದೆ: ಲಾರಿಯೊಂದು ಹಿಂದೆ ಬಂದರೆ ಅವರು ರಸ್ತೆಯ ಅಂಚಿಗೆ, ನಿಂತ ಕಾರುಗಳ ತೀರಾ ಹತ್ತಿರಕ್ಕೆ ಸರಿದುಬಿಡುತ್ತಾರೆ. ಕಾರಿನ ಬಾಗಿಲು ತಟ್ಟನೆ ತೆರೆದರೆ ತಗಲದಷ್ಟು, ಅಂದರೆ ಸುಮಾರು ಒಂದು ಮೀಟರ್ ಅಂತರವಿಟ್ಟು ನೇರವಾಗಿ ಸಾಗುವುದೇ ಕ್ಷೇಮ ಎಂದು ಬಾಯಿಮಾತಿನಲ್ಲಿ ಹೇಳಿದರೆ ಧೈರ್ಯ ಬರುವುದಿಲ್ಲ. ಅವರ ಹಿಂದೆ ಒಬ್ಬರು ಅದೇ ಗೆರೆಯಲ್ಲಿ ತುಳಿಯುತ್ತಿದ್ದರೆ ಬರುತ್ತದೆ.

ಜೊತೆಗೆ ತುಳಿಯುವುದರ ಫಲ ಧೈರ್ಯವೊಂದೇ ಅಲ್ಲ. ಸೈಕಲ್ ಸವಾರರ ಸಂಖ್ಯೆ ಹೆಚ್ಚಿದಷ್ಟೂ ಪ್ರತಿಯೊಬ್ಬರಿಗೂ ಅಪಾಯ ಕಡಿಮೆಯಾಗುತ್ತದೆ ಎಂದು ಪೀಟರ್ ಜೇಕಬ್ಸನ್ ಎಂಬ ಸಂಶೋಧಕರು 2003ರಲ್ಲಿ ಹಲವು ಊರು, ದೇಶಗಳ ಅಂಕಿ ಅಂಶಗಳಿಂದ ತೋರಿಸಿದರು: ಸವಾರರು ಇಮ್ಮಡಿಯಾದಾಗ ಪೆಟ್ಟಾಗುವವರ ಸಂಖ್ಯೆ ಇಮ್ಮಡಿಯಾಗದೆ ಸುಮಾರು ಮೂರನೇ ಒಂದು ಪಾಲಿನಷ್ಟು ಮಾತ್ರ ಹೆಚ್ಚುತ್ತದೆ. ಇದಕ್ಕೆ ಕಾರಣವೇನೆಂಬ ಚರ್ಚೆ ಇನ್ನೂ ಇದೆ. ಆದರೂ ಚಳಿಯ ಬೆಳಿಗ್ಗೆ ಎದ್ದು ಹೊರಡಲು ಮನಸ್ಸಾಗದಿದ್ದಾಗ ನನಗೆ ಈ ಮಾತು ನೆನಪಾಗುತ್ತದೆ.

ಸಂಖ್ಯೆಯೊಂದರಿಂದಲೇ ರಸ್ತೆ ಬದಲಾಗುವುದಿಲ್ಲ ಎಂಬುದೂ ನಿಜ. ಇಂದು ಸೈಕಲ್ ಎಂದೊಡನೆ ನೆನಪಾಗುವ ನೆದರ್ಲ್ಯಾಂಡ್ಸ್‌ನಲ್ಲಿ 1971ರಲ್ಲಿ 400ಕ್ಕೂ ಹೆಚ್ಚು ಮಕ್ಕಳು ರಸ್ತೆ ಅಪಘಾತಗಳಲ್ಲಿ ಸತ್ತಿದ್ದರು. ತಂದೆತಾಯಿಯರು ಬೀದಿಗಿಳಿದು ಸುರಕ್ಷಿತ ರಸ್ತೆ ಕೇಳಿದ್ದು, 1973ರ ತೈಲ ಬಿಕ್ಕಟ್ಟು ಬಂದದ್ದು, ಸವಾರರು ಸಂಘಟಿತರಾದದ್ದು ಎಲ್ಲ ಕೂಡಿ ಅಲ್ಲಿ ಪ್ರತ್ಯೇಕ ದಾರಿಗಳು ಬಂದವು. ನಾವು ಮಾಡುತ್ತಿರುವುದು ಅದರ ಮುಂದೆ ತೀರಾ ಚಿಕ್ಕದು: ಬೆಳಗಿನ ಒಂದು ಗಂಟೆ ಕವಲುದಾರಿಯಲ್ಲಿ ನಿಂತು ಹಾದುಹೋಗುವ ಸೈಕಲ್‌ಗಳನ್ನು ಎಣಿಸಿ, ಗುಂಡಿಗಳ ಚಿತ್ರ ತೆಗೆದು, ಎರಡನ್ನೂ ಸೇರಿಸಿ ಅರ್ಜಿ ಬರೆಯುತ್ತೇವೆ. ಮೊದಲ ಅರ್ಜಿಗೆ ಉತ್ತರವೇ ಬರಲಿಲ್ಲ. ಮೂರನೆಯದರ ನಂತರ ಒಂದು ತಿರುವಿನ ಗುಂಡಿ ಮುಚ್ಚಿದರು. ಈಗ ಕಾಣುತ್ತಿರುವ ಆ ಕಪ್ಪು ತೇಪೆ ಅದೇ.

ಸಾಲಿನಲ್ಲಿ ನನ್ನ ಮುಂದಿರುವವರು ಇಪ್ಪತ್ತು ವರ್ಷಗಳ ನಂತರ ಮತ್ತೆ ಸೈಕಲ್ ಹತ್ತಿದವರು. ವಾಹನಗಳು ವಿರಳವಾಗಿರುವ ರಜಾದಿನದಲ್ಲಿ ಕೆಲಸದ ದಾರಿಯನ್ನು ಮೂರು ಬಾರಿ ಜೊತೆಯಾಗಿ ಹೋಗಿಬಂದೆವು, ನಾಲ್ಕನೆಯ ಸಲಕ್ಕೆ ವಾರದ ದಿನವನ್ನೇ ಅವರು ಆರಿಸಿದರು. ಅದು ಇವತ್ತು. ಮುಂದಿನ ತಿರುವಿನಲ್ಲಿ ಬಲಕ್ಕೆ ಕೈ ಚಾಚಬೇಕು, ಅದಕ್ಕೂ ಮೊದಲು ಭುಜದ ಮೇಲಿಂದ ಹಿಂದೆ ನೋಡಬೇಕು. ನೋಡಿದರು. ಕೈ ಚಾಚಿದರು.