ಮಾಸಿದ ಹಳದಿ ಮತ್ತು ನನ್ನ ಪಿಎಚ್‌ಡಿ ಅರ್ಜಿ

ಈ ಗಿಲಕಿ ನಮ್ಮಕ್ಕನ ಮಗಳದ್ದು. ಚನ್ನಪಟ್ಟಣದಿಂದ ತಂದದ್ದು. ಅವಳೀಗ ಎರಡನೇ ಕ್ಲಾಸು, ಗಿಲಕಿ ಮಾತ್ರ ಇಷ್ಟು ವರ್ಷ ಕಿಟಕಿ ಕಟ್ಟೆ ಮೇಲೆ ಬಿಸಿಲಲ್ಲೇ ಬಿದ್ದಿತ್ತು. ಹಿಡಿಯ ಕೆಂಪು ಇನ್ನೂ ಚೆನ್ನಾಗಿದೆ. ಆದರೆ ಗಿಲಕಿಯ ಈ ಮರದ ಬಳೆ ನೋಡಿ. ಇದು ಒಂದು ಕಾಲಕ್ಕೆ ಅರಿಶಿನದ ಹಳದಿ ಇತ್ತು ಅಂದರೆ ನಂಬುತ್ತೀರಾ? ಅರಿಶಿನದ ಬಣ್ಣಕ್ಕೆ ಬೆಳಕು ಆಗಿಬರುವುದಿಲ್ಲ. ಮಾಸಿಹೋಗುತ್ತದೆ. ನನ್ನ ಅರ್ಜಿ ಶುರುವಾಗಿದ್ದು ಈ ಬಳೆಯಿಂದ.

ಸಸ್ಟೈನಬಲ್ ಡಿಸೈನ್‌ನಲ್ಲಿ, ಅಂದರೆ ಪರಿಸರಕ್ಕೆ ಹೊರೆಯಾಗದೆ ಬಹುಕಾಲ ಬಾಳುವ ವಸ್ತುಗಳ ವಿನ್ಯಾಸದಲ್ಲಿ, ಪಿಎಚ್‌ಡಿಗೆ ಅರ್ಜಿ ಹಾಕಿದ್ದೇನೆ, ಬ್ರಿಟನ್ನಿನಲ್ಲಿ. ಪ್ರಾಕ್ಟೀಸ್-ಬೇಸ್ಡ್ ಅಂತಾರೆ ಇದಕ್ಕೆ. ಅಂದರೆ ಪುಸ್ತಕ ಓದಿ ಪ್ರಬಂಧ ಬರೆದರೆ ಮುಗಿಯಲಿಲ್ಲ. ನೀವು ಕೈಯಾರೆ ಏನೋ ಮಾಡಬೇಕು, ಆ ಮಾಡುವ ಕೆಲಸವೇ ಸಂಶೋಧನೆ ಆಗಬೇಕು. ಮಾಮೂಲಿ ಪ್ರಬಂಧ ಅಲ್ಲಿ ಸುಮಾರು 80,000 ಪದ ಇರುತ್ತದೆ. ಇದರಲ್ಲಿ ಹಲವು ಕಡೆ ಅದರ ಅರ್ಧ ಬರೆದರೆ ಸಾಕು, ಉಳಿದದ್ದು ನೀವು ಮಾಡಿದ ವಸ್ತುಗಳು. ಬರೆಯುವುದು ಕಡಿಮೆ ಅಂದ ಮಾತ್ರಕ್ಕೆ ಸುಲಭ ಅಂದುಕೊಳ್ಳಬೇಡಿ. ನಾನು ಹಾಗೇ ಅಂದುಕೊಂಡು ಹೋದವರ್ಷ ಒಂದು ಕಡೆ ಅರ್ಜಿ ಹಾಕಿದ್ದೆ. ಸೀಟು ಸಿಗಲಿಲ್ಲ.

ಆ ಅರ್ಜಿಯ ಜೊತೆ ಕೊಟ್ಟಿದ್ದ ಪ್ರಪೋಸಲ್, ಅಂದರೆ ಸಂಶೋಧನೆಯ ಯೋಜನೆ, ಮೊನ್ನೆ ಮತ್ತೆ ಓದಿದೆ. 'ಪರಿಸರಸ್ನೇಹಿ' ಅನ್ನುವ ಪದವೇ ಹನ್ನೊಂದು ಸಲ ಇದೆ. ಚನ್ನಪಟ್ಟಣದ ಗೊಂಬೆ ಹಾಲೆ ಮರದ್ದು, ಅರಗು ಸಹಜ, ಬಣ್ಣ ಸಹಜ, ಹಾಗಾಗಿ ನಾನು ಹೊಸ ಗೊಂಬೆಗಳನ್ನು ವಿನ್ಯಾಸ ಮಾಡುತ್ತೇನೆ ಅಂತ ಬರೆದಿದ್ದೆ. ಅದರಲ್ಲಿ ಪ್ರಶ್ನೆಯೇ ಇರಲಿಲ್ಲ! ಏನು ಮಾಡುತ್ತೇನೆ ಅಂತ ಹೇಳಿದ್ದೆ, ಮಾಡಿದರೆ ಯಾವ ಹೊಸ ವಿಷಯ ಗೊತ್ತಾಗುತ್ತದೆ ಅಂತ ಹೇಳಿರಲಿಲ್ಲ. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿದ್ದ ಕ್ರಿಸ್ಟೋಫರ್ ಫ್ರೇಲಿಂಗ್ 1993ರಲ್ಲಿ ಮೂರು ಬಗೆಯನ್ನು ಬಿಡಿಸಿ ಹೇಳಿದ್ದರು. ಡಿಸೈನ್ ಬಗ್ಗೆ ಸಂಶೋಧನೆ ಒಂದು, ಡಿಸೈನ್‌ಗೋಸ್ಕರ ಸಂಶೋಧನೆ ಇನ್ನೊಂದು, ಡಿಸೈನ್ ಮಾಡುವುದರ ಮೂಲಕವೇ ಸಂಶೋಧನೆ ಮತ್ತೊಂದು. ನನಗೆ ಬೇಕಾಗಿದ್ದದ್ದು ಮೂರನೆಯದು, ಬರೆದದ್ದು ಯಾವುದೂ ಅಲ್ಲ.

ಈಗ ಸ್ಕ್ರೀನ್ ಮೇಲೆ ಬರುತ್ತಿರುವುದು ಚನ್ನಪಟ್ಟಣದಲ್ಲಿ ಆಟಿಕೆ ಮಾಡುವ ಚಾಚಾ ಅವರ ವರ್ಕ್‌ಶಾಪ್. ಬೆಂಗಳೂರಿಂದ ಮೈಸೂರು ಕಡೆಗೆ ಸುಮಾರು ಅರವತ್ತು ಕಿಲೋಮೀಟರ್. ನೋಡಿ, ಮರದ ತುಂಡು ಲೇತ್‌ನಲ್ಲಿ, ಅಂದರೆ ಮರ ಕಡೆಯುವ ಯಂತ್ರದಲ್ಲಿ, ತಿರುಗುತ್ತಿದೆ, ಚಾಚಾ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿದಿದ್ದಾರೆ. ಬೆಂಕಿ ಇಲ್ಲ, ಬ್ರಷ್ ಇಲ್ಲ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ತಾಳೆಗರಿ ಒತ್ತಿ ಹಿಡಿದರೆ ಬಣ್ಣ ಸಮವಾಗಿ ಹರಡಿ ಆ ಹೊಳಪು ಬರುತ್ತದೆ. ಈ ಶಾಟ್ ಕತ್ತರಿಸಲು ನನಗೆ ಮನಸ್ಸೇ ಬರಲಿಲ್ಲ.

ಈ ಗಿಲಕಿಯನ್ನು ಅವರ ಕೈಗೆ ಕೊಟ್ಟು, 'ಚಾಚಾ, ಇದಕ್ಕೆ ಮತ್ತೆ ಬಣ್ಣ ಹಚ್ಚಿಕೊಡುತ್ತೀರಾ?' ಅಂದೆ. ತಿರುಗಿಸಿ ಮುರುಗಿಸಿ ನೋಡಿದರು. 'ಬಣ್ಣ ಹಚ್ಚೋಕೆ ಐದು ನಿಮಿಷ ಸಾಕಮ್ಮಾ. ಆದ್ರೆ ಲೇತ್‌ಗೆ ಹಿಡಿಸೋದೆಲ್ಲಿ?'

ಅಷ್ಟೇ ಹೇಳಿದ್ದು. ಬಸ್ಸಿನಲ್ಲಿ ವಾಪಸ್ ಬರುವಾಗ ತಲೆಯಲ್ಲಿ ಅದೇ ಓಡುತ್ತಿತ್ತು. ಆಟಿಕೆಯನ್ನು ಕಡೆದು, ಅರಗು ಹಚ್ಚಿ, ಕೊನೆಗೆ ಲೇತ್‌ಗೆ ಹಿಡಿಸಿದ್ದ ಮರದ ಕೋಲಿನಿಂದ ಅದನ್ನು ಕತ್ತರಿಸಿ ಬೇರೆ ಮಾಡುತ್ತಾರೆ. ಅಲ್ಲಿಗೆ ಲೇತ್ ಹಿಡಿಯುವ ಜಾಗವೇ ಹೋಯಿತು. ಸಾಲದ್ದಕ್ಕೆ ತುಂಡುಗಳನ್ನು ಗೋಂದು ಹಾಕಿ ಅಂಟಿಸಿರುತ್ತಾರೆ, ಬಿಚ್ಚಲೂ ಆಗುವುದಿಲ್ಲ. ಮರ ಗಟ್ಟಿ ಇದೆ, ಅರಗನ್ನು ಮತ್ತೆ ಹಚ್ಚಬಹುದು, ಕೆಲಸ ಗೊತ್ತಿರುವವರೂ ಇದ್ದಾರೆ, ಆದರೂ ಆಟಿಕೆ ವಾಪಸ್ ಹೋಗುವ ದಾರಿ ಮುಚ್ಚಿಹೋಗಿದೆ. ಮೊದಲೇ ಪ್ರತಿ ತುಂಡಿನಲ್ಲೂ ಲೇತ್‌ಗೆ ಹಿಡಿಸಲು ಒಂದು ತೂತು ಉಳಿಸಿ, ಅಂಟಿನ ಬದಲು ಮರದ ಗೂಟದಲ್ಲಿ ಜೋಡಿಸಿದರೆ? ಆಗ ಬಿಚ್ಚಬಹುದು, ಲೇತ್‌ಗೆ ಏರಿಸಬಹುದು, ಮಾಸಿದ ಹಳದಿಗೆ ಹೊಸ ಹಳದಿ ಕೊಡಬಹುದು. ಮಗುವಿನ ಬಾಯಿಗೆ ಹೋಗುವ ಆಟಿಕೆ, ಹಾಗಾಗಿ ಗೂಟ ಸಡಿಲವಾಗಿ ಕಳಚಿಬರಲೂಬಾರದು. ಇದು ಕೂತು ಯೋಚಿಸಿದರೆ ಗೊತ್ತಾಗುವ ವಿಷಯ ಅಲ್ಲ. ಕಡೆಯಬೇಕು, ಜೋಡಿಸಬೇಕು, ಬಿಚ್ಚಬೇಕು, ಮತ್ತೆ ಕಡೆಯಬೇಕು. ಹೊಸ ಪ್ರಪೋಸಲ್‌ನ ಮೊದಲ ಸಾಲು ಚಾಚಾ ಅವರ ಪ್ರಶ್ನೆಯೇ. ಅವರನ್ನು ಕೇಳಿಯೇ ಹಾಕಿದೆ.

ಅಮೆರಿಕದ ಡಿಸೈನರ್ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ 1958ರಲ್ಲಿ ನಮ್ಮ ಸರ್ಕಾರಕ್ಕೆ ಒಂದು ವರದಿ ಕೊಟ್ಟಿದ್ದರು, ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಎನ್‌ಐಡಿ 1961ರಲ್ಲಿ ಶುರುವಾಗಿದ್ದು ಅದರ ನಂತರವೇ. ಆ ವರದಿಯಲ್ಲಿ ತಂಬಿಗೆ ಬಗ್ಗೆ ಸಾಲು ಸಾಲು ಪ್ರಶ್ನೆಗಳಿವೆ. ತಲೆ ಮೇಲೆ ಹೊರುತ್ತಾರೋ ಸೊಂಟದ ಮೇಲೋ, ನೀರು ಹೇಗೆ ಸುರಿಯುತ್ತದೆ, ಹಳೆಯದಾದ ಮೇಲೆ ಆ ಲೋಹಕ್ಕೆ ಏನು ಬೆಲೆ. ಕೊನೆಯದು ಓದಿದಾಗ ನಮ್ಮಜ್ಜಿ ನೆನಪಾದರು. ತೂತು ಬಿದ್ದ ಹಿತ್ತಾಳೆ ಚೊಂಬು ಅಂಗಡಿಗೆ ಕೊಟ್ಟು, ಮೇಲೆ ಸ್ವಲ್ಪ ದುಡ್ಡು ಹಾಕಿ ಹೊಸದು ತರುತ್ತಿದ್ದರು. ನಮ್ಮ ಮನೆಗಳಲ್ಲಿ ಇದು ಮಾಮೂಲಿ ಆಗಿತ್ತು, ಅಲ್ವಾ? ಮರದ ಆಟಿಕೆಗೆ ಯಾಕೆ ಹಾಗೆ ಆಗಬಾರದು?

ಇನ್ನು ಅರ್ಜಿಯ ವಿಷಯ ಬೇಗ ಹೇಳಿಬಿಡುತ್ತೇನೆ, ತುಂಬಾ ಜನ ಕೇಳಿದ್ದೀರಿ. ಪ್ರಪೋಸಲ್, ಪೋರ್ಟ್‌ಫೋಲಿಯೊ ಅಂದರೆ ನೀವು ಮಾಡಿದ ಕೆಲಸಗಳ ಸಂಗ್ರಹ, ನಿಮ್ಮ ಕೆಲಸ ನೋಡಿದವರಿಂದ ಎರಡು ಶಿಫಾರಸು ಪತ್ರ, ಇಂಗ್ಲಿಷ್ ಪರೀಕ್ಷೆ. ಗೈಡ್ ಆಗುವವರಿಗೆ ಮೊದಲೇ ಚಿಕ್ಕ ಮೇಲ್ ಬರೆಯಿರಿ, ಅವರ ಕೆಲಸ ಓದಿದ ಮೇಲೆ ಬರೆಯಿರಿ. ಹೊರದೇಶದವರಿಗೆ ಫೀಸು ಜಾಸ್ತಿ, ಸ್ಕಾಲರ್‌ಶಿಪ್ ದಿನಾಂಕ ಬೇರೆಯೇ ಇರಬಹುದು, ಅದನ್ನು ಮೊದಲು ನೋಡಿ. ಇಲ್ಲೇ ಮಾಡಬೇಕು ಅನ್ನುವವರಿಗೆ ಎನ್‌ಐಡಿ, ಐಐಟಿ ಬಾಂಬೆಯ ಡಿಸೈನ್ ವಿಭಾಗ ಐಡಿಸಿ, ನಮ್ಮ ಐಐಎಸ್‌ಸಿ, ಎಲ್ಲ ಕಡೆ ಡಿಸೈನ್‌ನಲ್ಲಿ ಪಿಎಚ್‌ಡಿ ಇದೆ.

ಪೋರ್ಟ್‌ಫೋಲಿಯೊಗೆ ಮಾತ್ರ ಸಮಯ ಕೊಡಿ. ನಾನು ಈ ಸಲ ಒಡೆದ ತುಂಡುಗಳನ್ನೂ ಹಾಕಿದೆ. ಗೂಟ ಬಿಗಿಯಾಗಿ ಸೀಳಿದ ಬಳೆ, ಅರಗು ಒಳಗಿಳಿದು ತೂತು ಮುಚ್ಚಿದ ಬಳೆ, ಒಂದೊಂದರ ಕೆಳಗೂ ಏನು ಗೊತ್ತಾಯಿತು ಅಂತ ಎರಡು ಸಾಲು. 'ಎಲ್ಲವೂ ಸಹಜ' ಅನ್ನುವ ಮಾತನ್ನೂ ಬಿಟ್ಟೆ. ಅರಗು ಹೆಚ್ಚಾಗಿ ಬೆಳೆಯುವುದು ದೂರದ ಜಾರ್ಖಂಡಿನಲ್ಲಿ, ಆ ದಾರಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಚಾಚಾ ಅವರ ಹೆಸರನ್ನು 'ಸಹಾಯ ಮಾಡಿದವರು' ಅನ್ನುವ ಕಡೆ ಹಾಕಿಲ್ಲ. ಜೊತೆಗೆ ಕೆಲಸ ಮಾಡುವವರು ಅಂತ ಹಾಕಿದ್ದೇನೆ, ಅವರ ದಿನದ ಕೂಲಿಯನ್ನೂ ಬಜೆಟ್‌ನಲ್ಲಿ ಬರೆದಿದ್ದೇನೆ. ಅವರ ಐವತ್ತು ವರ್ಷದ ಕೈಚಳಕ ಬಳಸಿಕೊಂಡು ನಾನೊಬ್ಬಳೇ ಡಾಕ್ಟರ್ ಅನ್ನಿಸಿಕೊಂಡರೆ ಅದು ಸರಿಯಲ್ಲ. ಈ ವಿಷಯದಲ್ಲಿ ನನಗೆ ರಾಜಿ ಇಲ್ಲ.

ನಿನ್ನೆ ರಾತ್ರಿ ಸಬ್‌ಮಿಟ್ ಒತ್ತಿದೆ. ಉತ್ತರ ಬರಲು ಇನ್ನೂ ಸಮಯ ಇದೆ. ಶನಿವಾರ ಈ ಗಿಲಕಿ ಚನ್ನಪಟ್ಟಣಕ್ಕೆ ಹೋಗುತ್ತದೆ. ಅಂಟು ಬಿಡಿಸಿ ಬಳೆಗೆ ತೂತು ಕೊರೆದು ನೋಡೋಣ ಅಂದಿದ್ದಾರೆ ಚಾಚಾ. ಅಕ್ಕನ ಮಗಳೂ ಬರುತ್ತಾಳಂತೆ, ಹಳದಿಯೇ ಬೇಕು ಅಂತ ಹೇಳಿದ್ದಾಳೆ.