ಸೋದರತ್ತೆಗೆ ಆಗ ಎಷ್ಟು ವಯಸ್ಸು?

ಕೇಳುಗರೆ, ನಮಸ್ಕಾರ.

ನನಗೊಬ್ಬರು ಸೋದರತ್ತೆ ಇದ್ದರು. ನಾನು ಹುಟ್ಟುವ ಮೊದಲೇ ತೀರಿಕೊಂಡರು. ಏನಾಗಿತ್ತು ಎಂದು ಕೇಳಿದಾಗಲೆಲ್ಲ ಅಜ್ಜಿ ಹೇಳುತ್ತಿದ್ದುದು ಒಂದೇ ಮಾತು: 'ಹೊಟ್ಟೇಲಿ ನೀರು ತುಂಬ್ಕೊಳ್ತು ಮಗಾ, ಉಳೀಲಿಲ್ಲ.' ಮೂವತ್ತು ವರ್ಷ ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಹೇಳಿದವಳು ನಾನು. ಆದರೂ ಆ ಮಾತನ್ನು ನಿಂತು ಯೋಚಿಸಿರಲಿಲ್ಲ. ಯೋಚಿಸುವಂತೆ ಮಾಡಿದ್ದು ಅಮೆರಿಕದ ತಳಿವಿಜ್ಞಾನಿ ಮೇರಿ-ಕ್ಲೇರ್ ಕಿಂಗ್ ಅವರ ಕೆಲಸ. ಇವತ್ತು ಅವರ ವಿಷಯ ಮಾತಾಡುತ್ತೇನೆ.

ಕಿಂಗ್ ಹುಟ್ಟಿದ್ದು 1946ರಲ್ಲಿ, ಶಿಕಾಗೊ ನಗರದ ಸಮೀಪ. ಓದಿದ್ದು ಗಣಿತ. ಎಳೆ ವಯಸ್ಸಿನ ಗೆಳತಿಯೊಬ್ಬಳು ಹದಿನೈದನೇ ವಯಸ್ಸಿಗೇ ಕ್ಯಾನ್ಸರಿನಿಂದ ಸತ್ತಿದ್ದಳು. ಸಂಖ್ಯಾಶಾಸ್ತ್ರ ಕಲಿಯಲು ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯಕ್ಕೆ ಹೋದ ಕಿಂಗ್, ಅಲ್ಲಿ ಕರ್ಟ್ ಸ್ಟರ್ನ್ ಅವರ ತಳಿವಿಜ್ಞಾನದ ಪಾಠ ಕೇಳಿ ದಾರಿ ಬದಲಿಸಿದರು. 1975ರಲ್ಲಿ ಗುರು ಅಲನ್ ವಿಲ್ಸನ್ ಜೊತೆ ಬರೆದ ಲೇಖನ ಅವರಿಗೆ ಹೆಸರು ತಂದಿತು. ಮನುಷ್ಯರ ಮತ್ತು ಚಿಂಪಾಂಜಿಗಳ ಪ್ರೋಟೀನುಗಳು ಶೇಕಡ 99ರಷ್ಟು ಒಂದೇ ಎಂದು ತೋರಿಸಿದ ಲೇಖನ ಅದು.

ಅಷ್ಟರಲ್ಲಿ ಅವರು ಸ್ತನ ಕ್ಯಾನ್ಸರಿನ ಕಡೆಗೆ ತಿರುಗಿಯಾಗಿತ್ತು. ಆ ಕಾಲದಲ್ಲಿ ಕ್ಯಾನ್ಸರಿಗೆ ವೈರಸ್ ಕಾರಣವಿರಬೇಕು ಎಂದು ಅನೇಕರು ಹುಡುಕುತ್ತಿದ್ದರು. ಇಷ್ಟು ಜಟಿಲವಾದ ರೋಗ ಒಂದೇ ಒಂದು ವಂಶವಾಹಿಯ ದೋಷದಿಂದ ತಾಯಿಗೆ, ಮಗಳಿಗೆ, ಮೊಮ್ಮಗಳಿಗೆ ಹರಿದು ಬರುತ್ತದೆ ಎಂದರೆ ನಂಬುವವರು ಕಡಿಮೆ. ಅವರ ಅನುಮಾನದಲ್ಲೂ ಹುರುಳಿತ್ತು. ಸ್ತನ ಕ್ಯಾನ್ಸರ್ ಅಪರೂಪದ ಕಾಯಿಲೆಯಲ್ಲ. ಒಂದು ಮನೆಯಲ್ಲಿ ಇಬ್ಬರಿಗೆ ಬಂದರೆ ಅದು ಬರೀ ಆಕಸ್ಮಿಕವೂ ಇರಬಹುದು, ಒಂದೇ ಊಟ, ಒಂದೇ ನೀರಿನ ಫಲವೂ ಇರಬಹುದು.

ಇಲ್ಲಿ ಕಿಂಗ್ ಅವರಿಗೆ ಕಲಿತ ಗಣಿತ ಕೈಹಿಡಿಯಿತು. 55 ವರ್ಷಕ್ಕೆ ಮೊದಲು ಸ್ತನ ಕ್ಯಾನ್ಸರ್ ಬಂದ 1,579 ಮಹಿಳೆಯರ ಕುಟುಂಬಗಳ ವಿವರವನ್ನು ಅವರ ತಂಡ ಲೆಕ್ಕಕ್ಕೆ ಹಾಕಿತು. 1988ರಲ್ಲಿ ಉತ್ತರ ಪ್ರಕಟವಾಯಿತು: ಸುಮಾರು ಶೇಕಡ 4ರಷ್ಟು ಕುಟುಂಬಗಳಲ್ಲಿ ರೋಗ ಹಬ್ಬಿರುವ ರೀತಿಗೆ ಒಂದೇ ವಂಶವಾಹಿ ಸಾಕು. ಉಳಿದ ಬಹುಪಾಲು ಮನೆಗಳಲ್ಲಿ ಅದು ವಂಶದಿಂದ ಬಂದದ್ದಲ್ಲ. ಈ ಎರಡನೇ ಮಾತನ್ನೂ ದಯವಿಟ್ಟು ನೆನಪಿಡಿ. ಇವತ್ತಿಗೂ ಸ್ತನ ಕ್ಯಾನ್ಸರುಗಳಲ್ಲಿ ನೂರಕ್ಕೆ ಐದರಿಂದ ಹತ್ತು ಮಾತ್ರ ಆನುವಂಶಿಕ.

ಲೆಕ್ಕ ಹೇಳಿತು, ಇದೆ ಎಂದು. ಆದರೆ ಎಲ್ಲಿದೆ? ಆಗ ಮನುಷ್ಯನ ವಂಶವಾಹಿಗಳ ಪೂರ್ತಿ ನಕ್ಷೆ ಇರಲಿಲ್ಲ. ಹುಡುಕುವ ಬಗೆಯನ್ನು ಹೀಗೆ ಊಹಿಸಿಕೊಳ್ಳಿ. ಎರಡು ಹೂವಿನ ಮಾಲೆಗಳಿವೆ. ಒಂದೊಂದನ್ನೂ ಅಲ್ಲಲ್ಲಿ ಕತ್ತರಿಸಿ, ಇದರ ತುಂಡನ್ನು ಅದಕ್ಕೆ, ಅದರ ತುಂಡನ್ನು ಇದಕ್ಕೆ ಸೇರಿಸಿ ಮತ್ತೆ ಕಟ್ಟುತ್ತೀರಿ. ದೂರದ ಹೂಗಳು ಬೇರೆಯಾಗುತ್ತವೆ. ಅಕ್ಕಪಕ್ಕದ ಹೂಗಳು ಹೆಚ್ಚಾಗಿ ಜೊತೆಯಲ್ಲೇ ಉಳಿಯುತ್ತವೆ. ತಲೆಮಾರಿನಿಂದ ತಲೆಮಾರಿಗೆ, ವಂಶವಾಹಿಗಳನ್ನು ಹೊತ್ತ ನಮ್ಮ ವರ್ಣತಂತುಗಳಲ್ಲಿ ಆಗುವುದೂ ಇದೇ. ಹಾಗಾಗಿ ಒಂದು ಕುಟುಂಬದಲ್ಲಿ ರೋಗ ಬಂದವರಲ್ಲೆಲ್ಲ ಒಂದು ಗುರುತಿನ ಹೂವು ಇದೆ, ಬಾರದವರಲ್ಲಿ ಇಲ್ಲ ಎಂದಾದರೆ, ದೋಷವಿರುವುದು ಆ ಗುರುತಿನ ಪಕ್ಕದಲ್ಲೇ.

23 ದೊಡ್ಡ ಕುಟುಂಬಗಳು, ಅವುಗಳಲ್ಲಿ 146 ಸ್ತನ ಕ್ಯಾನ್ಸರ್ ಪ್ರಕರಣಗಳು. ಒಂದಾದ ಮೇಲೊಂದು ಗುರುತನ್ನು ಪರೀಕ್ಷಿಸುತ್ತ 17ನೇ ವರ್ಣತಂತುವಿನ ಒಂದು ಗುರುತಿಗೆ ಬಂದರು. ಎಲ್ಲ ಕುಟುಂಬಗಳನ್ನು ಒಟ್ಟಿಗೆ ನೋಡಿದರೆ ಕಲಸುಮೇಲೋಗರ. ಆಗ ಕುಟುಂಬಗಳನ್ನು ರೋಗ ಕಾಣಿಸಿಕೊಂಡ ಸರಾಸರಿ ವಯಸ್ಸಿನ ಪ್ರಕಾರ ಸಾಲಾಗಿ ಜೋಡಿಸಿದರು, ಚಿಕ್ಕ ವಯಸ್ಸಿನವು ಮೊದಲು. ಚಿತ್ರ ತಾನಾಗಿ ತಿಳಿಯಾಯಿತು. ಮೊದಲ ಏಳು ಕುಟುಂಬಗಳಲ್ಲಿ ಗುರುತು ಮತ್ತು ರೋಗ ಕೈಕೈ ಹಿಡಿದು ನಡೆದಿದ್ದವು. ಅದು ಆಕಸ್ಮಿಕವಲ್ಲ ಎನ್ನುವುದಕ್ಕೆ ಒಂದಕ್ಕೆ ಹತ್ತು ಲಕ್ಷದ ಹತ್ತಿರದ ಬಲವಿತ್ತು. ವಯಸ್ಸಾದ ಮೇಲೆ ರೋಗ ಬಂದ ಕುಟುಂಬಗಳಲ್ಲಿ ಆ ನಂಟೇ ಇರಲಿಲ್ಲ. ಇಡೀ ಶೋಧದಲ್ಲಿ ನನ್ನನ್ನು ಬಹಳ ಕಾಡಿದ ಗಳಿಗೆ ಇದು. ಹೊಸ ಯಂತ್ರವೇನೂ ಬರಲಿಲ್ಲ. ಪ್ರತಿ ಹೆಂಗಸಿನ ಹೆಸರಿನ ಮುಂದೆ ಅವಳ ವಯಸ್ಸನ್ನು ಯಾರೋ ಸರಿಯಾಗಿ ಬರೆದಿಟ್ಟಿದ್ದರು, ಅಷ್ಟೆ.

1990ರ ಅಕ್ಟೋಬರಿನಲ್ಲಿ ಸಿನ್ಸಿನಾಟಿಯ ತಳಿವಿಜ್ಞಾನಿಗಳ ಸಮ್ಮೇಳನದಲ್ಲಿ ಕಿಂಗ್ ಇದನ್ನು ಹೇಳಿದರು. ಡಿಸೆಂಬರಿನಲ್ಲಿ ಅದು ಅಚ್ಚಾಯಿತು. ಕೆಲಸ ಶುರುಮಾಡಿ ಹದಿನಾರು ವರ್ಷ ಕಳೆದಿತ್ತು. ಫ್ರಾನ್ಸಿನ ಲಿಯಾನ್ ನಗರದ ತಂಡ ತನ್ನಲ್ಲಿದ್ದ ಕುಟುಂಬಗಳಲ್ಲೂ ಅದೇ ಜಾಗವನ್ನು ಕಂಡಿತು. ಅಂಡಾಶಯದ ಕ್ಯಾನ್ಸರಿಗೂ ಬೇರು ಅಲ್ಲೇ ಎಂದು ಗೊತ್ತಾಯಿತು. ಆ ವಂಶವಾಹಿಯೇ ಬಿಆರ್‌ಸಿಎ-1.

ಅದನ್ನು ಬಿಡಿಸಿ ತೆಗೆಯುವ ಓಟದಲ್ಲಿ ಕಿಂಗ್ ಗೆಲ್ಲಲಿಲ್ಲ. 1994ರಲ್ಲಿ ಯೂಟಾ ರಾಜ್ಯದ ಮಾರ್ಕ್ ಸ್ಕಾಲ್ನಿಕ್ ತಂಡ ಮೊದಲು ಮುಟ್ಟಿತು. ಮರುವರ್ಷ ಬ್ರಿಟನ್ನಿನ ತಂಡ 13ನೇ ವರ್ಣತಂತುವಿನಲ್ಲಿರುವ ಬಿಆರ್‌ಸಿಎ-2 ಅನ್ನು ಬಿಡಿಸಿತು. ಇವುಗಳ ಮೇಲಿನ ಪೇಟೆಂಟಿನ ಜಗಳ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಪ್ರಕೃತಿಯಲ್ಲಿರುವ ಡಿಎನ್‌ಎ ಯಾರ ಸ್ವತ್ತೂ ಅಲ್ಲ ಎಂದು 2013ರಲ್ಲಿ ಒಂಬತ್ತೂ ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ನನಗೆ ಅದು ನ್ಯಾಯವೆಂದೇ ತೋರುತ್ತದೆ.

ಈ ವಂಶವಾಹಿಗಳು ಎಲ್ಲರಲ್ಲೂ ಇವೆ, ಗಂಡಸರಲ್ಲೂ. ಡಿಎನ್‌ಎ ಎಳೆ ತುಂಡಾದಾಗ ಅದನ್ನು ಸರಿಪಡಿಸುವುದು ಅವುಗಳ ಕೆಲಸ. ಅಪ್ಪನಿಂದ ಒಂದು, ಅಮ್ಮನಿಂದ ಒಂದು ಪ್ರತಿ ನಮಗೆ ಬರುತ್ತದೆ. ಒಂದು ಪ್ರತಿ ಹುಟ್ಟಿನಿಂದಲೇ ಕೆಟ್ಟಿದ್ದರೆ, ಮುಂದೆ ಯಾವುದೋ ಜೀವಕೋಶದಲ್ಲಿ ಇನ್ನೊಂದೂ ಕೆಟ್ಟಾಗ ರಿಪೇರಿಗೆ ಯಾರೂ ಉಳಿಯುವುದಿಲ್ಲ. 2003ರಲ್ಲಿ ಕಿಂಗ್ ಮತ್ತು ಸಂಗಡಿಗರು ನ್ಯೂಯಾರ್ಕ್ ಭಾಗದ ಸ್ತನ ಕ್ಯಾನ್ಸರ್ ಬಂದ 1,008 ಅಶ್ಕೆನಾಜಿ (ಯುರೋಪ್ ಮೂಲದ) ಯಹೂದಿ ಮಹಿಳೆಯರಿಂದ ಹೊರಟು, ದೋಷವಿರುವವರಿಗೆ ಜೀವಮಾನದಲ್ಲಿ ಸ್ತನ ಕ್ಯಾನ್ಸರಿನ ಅಪಾಯ ಶೇಕಡ 82 ಎಂದು ಅಂದಾಜು ಮಾಡಿದರು. ಅಂಡಾಶಯದ ಕ್ಯಾನ್ಸರಿಗೆ ಬಿಆರ್‌ಸಿಎ-1ರಲ್ಲಿ ಶೇಕಡ 54, ಬಿಆರ್‌ಸಿಎ-2ರಲ್ಲಿ 23. ಆಮೇಲಿನ ದೊಡ್ಡ ಅಧ್ಯಯನಗಳಲ್ಲಿ ಈ ಅಂಕಿಗಳು ತುಸು ಇಳಿದಿವೆ. ಆದರೂ ಸಣ್ಣವಲ್ಲ.

ಆ ಅಧ್ಯಯನದ ಇನ್ನೊಂದು ಸಂಗತಿಯನ್ನು ಒತ್ತಿ ಹೇಳಬೇಕು. ದೋಷವಿದ್ದವರಲ್ಲಿ ಸುಮಾರು ಅರ್ಧದಷ್ಟು ಜನರ ಹತ್ತಿರದ ಬಂಧುಗಳಲ್ಲಿ ಯಾರಿಗೂ ಈ ಕ್ಯಾನ್ಸರ್ ಬಂದಿರಲಿಲ್ಲ. ಕಾರಣ, ದೋಷ ಅಪ್ಪನ ಕಡೆಯಿಂದ ಬಂದಿತ್ತು, ಚಿಕ್ಕ ಸಂಸಾರ, ಹೆಣ್ಣುಮಕ್ಕಳು ಕಡಿಮೆ. ಡಾಕ್ಟರು ಕೇಳುವುದು ಸಾಮಾನ್ಯವಾಗಿ 'ನಿಮ್ಮ ತಾಯಿಗೆ ಇತ್ತಾ, ಅಕ್ಕನಿಗೆ ಇತ್ತಾ' ಎಂದು. ತಂದೆಯ ಕಡೆಯ ಹೆಂಗಸರು ಆ ಪ್ರಶ್ನೆಯೊಳಗೆ ಬರುವುದೇ ಇಲ್ಲ. 2014ರಲ್ಲಿ ವೈದ್ಯವಿಜ್ಞಾನದ ದೊಡ್ಡ ಗೌರವವಾದ ಲಾಸ್ಕರ್ ಪ್ರಶಸ್ತಿ ಬಂದಾಗ ಕಿಂಗ್, ಮೂವತ್ತರ ಆಸುಪಾಸಿನಲ್ಲಿ ಎಲ್ಲ ಮಹಿಳೆಯರಿಗೂ ಈ ಪರೀಕ್ಷೆ ಸಿಗಲಿ ಎಂದರು. ಪರೀಕ್ಷೆಯ ಫಲಿತಾಂಶ ಎಲ್ಲ ಸಲವೂ ಸ್ಪಷ್ಟವಾಗಿರುವುದಿಲ್ಲ, ಸುಮ್ಮನೆ ಭಯ ಹುಟ್ಟಿಸಬಾರದು ಎಂದು ಒಪ್ಪದವರೂ ಇದ್ದಾರೆ.

ಕುಟುಂಬದ ನಂಟನ್ನು ಅವರು ಇನ್ನೊಂದು ದುಃಖಕ್ಕೂ ಬಳಸಿದರು. ಅರ್ಜೆಂಟೀನಾದ ಸೈನಿಕ ಆಡಳಿತದಲ್ಲಿ ಕಾಣೆಯಾದವರ ಮಕ್ಕಳನ್ನು ಹುಡುಕುತ್ತಿದ್ದ 'ಪ್ಲಾಸಾ ದೆ ಮಾಯೊದ ಅಜ್ಜಿಯರು' ಎಂಬ ಸಂಘಟನೆಯ ಜೊತೆ 1984ರಿಂದ ದುಡಿದರು. ತಾಯಿಯಿಂದ ಮಾತ್ರ ಬರುವ ಮೈಟೊಕಾಂಡ್ರಿಯದ ಡಿಎನ್‌ಎ ಹಿಡಿದು, ಅಪ್ಪ ಅಮ್ಮ ಇಬ್ಬರೂ ಇಲ್ಲದ ಮಗುವನ್ನು ತಾಯಿಯ ತಾಯಿಗೆ ಜೋಡಿಸಿದರು.

ಇದನ್ನೆಲ್ಲ ಓದಿದ ಮೇಲೆ ಹಳೆಯ ಕ್ಯಾಲೆಂಡರಿನ ಹಾಳೆ ತಿರುಗಿಸಿ, ತಳಿವಿಜ್ಞಾನಿಗಳು ಬರೆಯುವ ಹಾಗೆ ನಮ್ಮ ಮನೆಯ ನಕ್ಷೆಯನ್ನೂ ಬರೆದೆ. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ರೋಗ ಬಂದವರದ್ದಕ್ಕೆ ಕಪ್ಪು ತುಂಬುವುದು. ಮನೆಯಲ್ಲಿದ್ದ ವಂಶವೃಕ್ಷ ಉಪಯೋಗಕ್ಕೆ ಬರಲಿಲ್ಲ, ಅದರಲ್ಲಿದ್ದದ್ದು ಗಂಡುಮಕ್ಕಳು ಮಾತ್ರ. ಇನ್ನು ನಮ್ಮ ಮಾತಿನಲ್ಲಿ ಅಮ್ಮನ ತಂಗಿಯೂ ಚಿಕ್ಕಮ್ಮ, ಚಿಕ್ಕಪ್ಪನ ಹೆಂಡತಿಯೂ ಚಿಕ್ಕಮ್ಮ. ಯಾರು ರಕ್ತಸಂಬಂಧ, ಯಾರು ಮದುವೆಯಾಗಿ ಬಂದವರು ಎಂದು ಬಿಡಿಸಿ ಬಿಡಿಸಿ ಕೇಳಬೇಕಾಯಿತು.

ಅತ್ತೆಯ ವೃತ್ತದ ಹತ್ತಿರ ಪೆನ್ಸಿಲ್ ನಿಂತಿತು. ಊರಿನಲ್ಲಿರುವ ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಅವರಿಗೀಗ ಎಂಬತ್ತೆಂಟು. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: 'ಅಕ್ಕನಿಗೆ ನಲವತ್ತು ತುಂಬಿರಲಿಲ್ಲ ಕಣಮ್ಮ. ಆಸ್ಪತ್ರೇಲಿ ಎರಡು ಸಲ ನೀರು ತೆಗೆದ್ರು. ಗರ್ಭಕೋಶದ ಪಕ್ಕ ಗಡ್ಡೆ ಅಂದ್ರು. ಮನೇಲಿ ಯಾರಿಗೂ ಹೇಳ್ಬೇಡ ಅಂತ ನಿಮ್ಮ ತಾತ ಅಂದಿದ್ರು.' ಅಂಡಾಶಯದ ಕ್ಯಾನ್ಸರಿನಲ್ಲಿ ಹೊಟ್ಟೆಯಲ್ಲಿ ನೀರು ತುಂಬುವುದುಂಟು, ಬೇರೆ ಕಾಯಿಲೆಗಳಲ್ಲೂ ತುಂಬುತ್ತದೆ. ಗಡ್ಡೆಯ ಮಾತು ಕೇಳಿದ ಮೇಲೆ ನಾನು ಆ ವೃತ್ತವನ್ನು ಅರ್ಧ ಕಪ್ಪು ಮಾಡಿ, ಪಕ್ಕದಲ್ಲಿ ಮೂವತ್ತೊಂಬತ್ತು ಎಂದು ಬರೆದು, ಒಂದು ಪ್ರಶ್ನೆ ಗುರುತು ಹಾಕಿದೆ. ಅತ್ತೆಯ ಮೊಮ್ಮಗಳು ಪುಣೆಯಲ್ಲಿದ್ದಾಳೆ. ಹಾಳೆಯ ಫೋಟೊ ಅವಳಿಗೆ ಕಳಿಸಿದ್ದೇನೆ. ಮುಂದಿನ ವಾರ ಅದನ್ನು ಹಿಡಿದುಕೊಂಡು ಡಾಕ್ಟರ ಹತ್ತಿರ ಹೋಗುತ್ತಾಳಂತೆ.

ನಮಸ್ಕಾರ.