ಹೊಂಗೆ ಬೀಜ ನೆಲಕ್ಕೇ ಹಾಕಿ

ಎಲ್ರಿಗೂ ನಮಸ್ಕಾರ. ಹೊರಗಡೆ ಗುಂಡಿ ತೋಡಿ ರೆಡಿ ಇಟ್ಟಿದೀರ, ನೋಡ್ದೆ, ಹೋದ ವರ್ಷದ್ದೇ ಗುಂಡಿ ಅನ್ಸತ್ತೆ! ನಗಬೇಡಿ, ಆಗಿನ ಕೇಂದ್ರ ಕೃಷಿ ಮಂತ್ರಿ ಕೆ.ಎಂ. ಮುನ್ಷಿಯವರು 1950ರಲ್ಲಿ ವನಮಹೋತ್ಸವ ಶುರು ಮಾಡಿದಾಗಿಂದ ಎಷ್ಟೋ ಕಡೆ ಗುಂಡಿ ಒಂದೇ ಪರ್ಮನೆಂಟು.

ಕವರಲ್ಲಿ ಇಟ್ಟಿರೋದು ಗುಲ್‌ಮೊಹರ್ ಸಸಿ. ಬೈಯಲ್ಲ ಅದನ್ನ, ಆದ್ರೆ ಅದು ಮಡಗಾಸ್ಕರ್‌ದು. ಬೆಂಗ್ಳೂರಲ್ಲಿ ಎಲ್ರೂ ಫೋಟೋ ಹಾಕೋ ಪಿಂಕ್ ಟಬೂಬಿಯಾನೂ ಮಧ್ಯ, ದಕ್ಷಿಣ ಅಮೆರಿಕಾ ಕಡೆಯದ್ದು. ನಮ್ಮ ಹೊಂಗೆ ಏನು ಪಾಪ ಮಾಡಿದೆ ಸ್ವಾಮಿ? ಯುಗಾದಿ ಹೊತ್ತಿಗೆ ಹೊಸ ಎಲೆ ಎಣ್ಣೆ ಹಚ್ಚಿದ ಹಾಗೆ ಫಳಫಳ ಅನ್ನತ್ತೆ, ಆಮೇಲೆ ಹೂ ಉದುರಿದ್ರೆ ರಸ್ತೆ ತುಂಬ ಅರಳು ಚೆಲ್ಲಿದ ಹಾಗೆ. ಹೊಂಗೆ ನೆರಳು ತಾಯಿ ಮಡಿಲು ಅಂತ ಗಾದೆ ಬೇರೆ ಇಟ್ಕೊಂಡಿದೀವಿ, ಗಿಡ ಮಾತ್ರ ಹಾಕಲ್ಲ.

ನಾವು ಹುಡುಗರಾಗಿದ್ದಾಗ ಹೊಂಗೆಕಾಯಿ ಆರಿಸಿ ಗಾಣಕ್ಕೆ ಹಾಕಿ ಬಂದ ಕಾಸಲ್ಲಿ ಐಸ್‌ಕ್ಯಾಂಡಿ ತಿಂತಿದ್ವಿ, ಬೀಜದಲ್ಲಿ ನೂರಕ್ಕೆ 30 ಪಾಲಾದ್ರೂ ಎಣ್ಣೆ ಇರತ್ತಲ್ಲ. ಎರಡು ವರ್ಷದ ಹಿಂದೆ ಮೊಮ್ಮಗನಿಗೂ ತೋರ್ಸೋಣ ಅಂತ ಹನ್ನೆರಡು ಬೀಜ ತಂದೆ. ಕಾಯಿ ತಾನಾಗಿ ಬಿರಿಯಲ್ಲ, ಕುಟ್ಟಾಣೀಲಿ ಮೆಲ್ಲಗೆ ಏಟು ಕೊಟ್ಟು ಬಿಡಿಸ್ಬೇಕು. ರಾತ್ರಿ ನೀರಲ್ಲಿ ನೆನೆಹಾಕಿ ಬೆಳಗ್ಗೆ ಕಾಂಪೌಂಡ್ ಪಕ್ಕ ಒಂದಿಂಚು ಆಳಕ್ಕೆ ಊರಿದ್ವಿ. ಮೂರನೇ ದಿನದಿಂದ ಈ ಪುಣ್ಯಾತ್ಮ ದಿನಾ ಕೆದಕಿ ನೋಡೋದು, "ತಾತ, ಇನ್ನೂ ಮಲಗಿದೆ" ಅಂತ ಮತ್ತೆ ಮುಚ್ಚೋದು! ಇತ್ತ ನಮ್ಮ ಮನೆಯವರು ಪ್ರೀತಿಯಿಂದ ಎರಡು ಹೊತ್ತು ನೀರು. ಕೊಳೆತದ್ದು ಕೊಳೀತು, ಅವನ ಕೈಲಿ ಮುರಿದದ್ದು ಮುರೀತು. ಎರಡು ವಾರ ಆದ್ಮೇಲೆ ಎದ್ದಿದ್ದು ಮೂರೇ, ಅದೂ ಎಲ್ಲಿ ಊರಿದ್ದು ಅಂತ ಅವನಿಗೆ ಮರೆತುಹೋಗಿದ್ದ ಜಾಗದಲ್ಲಿ.

ಅದೇ ಮೂರು ಈಗ ನನಗಿಂತ ಎತ್ತರ. ಜೊತೆಯಲ್ಲೇ ದುಡ್ಡು ಕೊಟ್ಟು ತಂದು ನೆಟ್ಟ ಸಸಿ ಹೋದ ಮಳೆಗಾಲದಲ್ಲಿ ಗಾಳಿಗೆ ಬಿತ್ತು. ಕಿತ್ತು ನೋಡಿದ್ರೆ ಬೇರು ಚಕ್ಕುಲಿ ಥರ ಸುತ್ಕೊಂಡಿದೆ, ಪ್ಲಾಸ್ಟಿಕ್ ಕವರ್ ಯಾವ ಶೇಪೋ ಅದೇ ಶೇಪು! ತಾಯಿಬೇರು ನೆಟ್ಟಗೆ ಇಳಿಬೇಕಾದ ಗಿಡನ ಕವರಲ್ಲಿ ವರ್ಷಗಟ್ಟಲೆ ಕೂರಿಸಿದ್ರೆ ಇನ್ನೇನಾಗತ್ತೆ? ಅದಕ್ಕೇ ಬಡ್ಕೊಳ್ಳೋದು, ಬೀಜ ನೆಲಕ್ಕೇ ಹಾಕಿ ಅಂತ.

ಬೇರಿನ ಗಂಟಲ್ಲಿ ಸಾರಜನಕ ಹಿಡಿಯೋದು, ಹಿಂಡಿ ಗೊಬ್ಬರ, ಜೇನು, ಎಲೆ ಮೇಲಿನ ಗಂಟು ರೋಗ, ಇದೆಲ್ಲ ಬರ್ಕೊಂಡ್ ಬಂದಿದ್ದೆ... ಅಧ್ಯಕ್ಷರು ವಾಚ್ ನೋಡ್ತಿದಾರೆ, ಆಯ್ತು ಸಾರ್, ಮುಗಿಸ್ದೆ. ಎಲೆ ಮೇಲೆ ಗಂಟು ಬಂದ್ರೆ ಗಾಬರಿ ಬೇಡ, ಅಷ್ಟಕ್ಕೆ ಗಿಡ ಸಾಯಲ್ಲ. ಈ ಬೀಜನ ಮುಂದಿನ ವರ್ಷಕ್ಕೆ ಅಂತ ಡಬ್ಬೀಲಿ ಇಡಬೇಡಿ, ಹಳೇದಾದಷ್ಟೂ ಮೊಳೆಯೋದು ಕಮ್ಮಿ.

ಬಾಗಿಲ ಹತ್ರ ಚೀಲದಲ್ಲಿ ಈ ಸಲದ್ದೇ ಕಾಯಿ ಇದೆ, ಸಿಪ್ಪೆ ನೀವೇ ಬಿಡಿಸ್ಕೊಳ್ಳಿ, ತಲಾ ಎರಡು. ಮೊಮ್ಮಕ್ಕಳು ಇರೋರು ನಾಲ್ಕು ತಗೊಳ್ಳಿ.